ಮಮ್ಮಿ ರಾಟ್: ಗಾಯ ವಾಸಿಯಾಗದಿದ್ದಾಗ ಏನನ್ನು, ಯಾವ ಕ್ರಮದಲ್ಲಿ ಪರೀಕ್ಷಿಸಬೇಕು

ಮೇಜಿನ ಸುತ್ತ ಕುಳಿತು ದಾಳ ಎಸೆದು ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಪಾತ್ರಗಳಿಗೆ ಅಂಟುವ ತೊಂದರೆಗಳ ಪೈಕಿ ಆಟಗಾರರು ಅತಿ ಹೆಚ್ಚು ತಪ್ಪಾಗಿ ಗುರುತಿಸುವುದು ಮಮ್ಮಿಯ, ಅಂದರೆ ಗೋರಿಯಿಂದ ಎದ್ದು ನಡೆಯುವ ಹೆಣದ, ಏಟಿನಿಂದ ಹತ್ತುವ ಮಮ್ಮಿ ರಾಟ್ ಅನ್ನು ಎಂಬುದು ನನ್ನ ದೃಢವಾದ ಅಭಿಪ್ರಾಯ. ಗಾಯ ಮಾಯುವುದಿಲ್ಲ, ಮೈ ದಿನದಿಂದ ದಿನಕ್ಕೆ ಇಳಿಯುತ್ತದೆ. ಹಾಗಾಗಿ ತಂಡದವರೆಲ್ಲ ಅದನ್ನು ರೋಗವೆಂದೇ ಬಗೆದು ರೋಗಕ್ಕೆ ಮಾಡುವ ಉಪಚಾರವನ್ನೇ ಮಾಡುತ್ತಾರೆ. 2014ರ ಐದನೆಯ ಆವೃತ್ತಿಯ ನಿಯಮದ ಪ್ರಕಾರ ಇದು ರೋಗವಲ್ಲ, ಶಾಪ. ರೋಗದ ಲಕ್ಷಣ ತೋರಿಸುವ ಈ ಶಾಪಕ್ಕೆ ರೋಗದ ಯಾವ ಮದ್ದೂ ನಾಟುವುದಿಲ್ಲ, ಮತ್ತು ಪಾತ್ರಗಳು ಸಾಯುವುದು ಬಹುತೇಕ ಶಾಪದ ತೀವ್ರತೆಯಿಂದಲ್ಲ, ತಪ್ಪು ಉಪಚಾರದಲ್ಲಿ ಕಳೆದುಹೋದ ದಿನಗಳಿಂದ. ಆದ್ದರಿಂದ ಈ ಕೈಪಿಡಿಯನ್ನು ಆಟದ ಮೇಜಿನ ಬಳಿ ಕಣ್ಣಿಗೆ ಬೀಳುವ ಲಕ್ಷಣಗಳ ಸುತ್ತ ಬರೆದಿದ್ದೇನೆ. ಖರ್ಚಿಲ್ಲದ ಪರೀಕ್ಷೆಗಳು ಮೊದಲು, ದುಬಾರಿಯಾದವು ಆಮೇಲೆ. ನಿಯಮಪುಸ್ತಕದಲ್ಲಿರುವ ಹೆಸರುಗಳನ್ನು ಮೇಜಿನಲ್ಲಿ ನಾವು ಆಡುವಂತೆಯೇ ಉಳಿಸಿಕೊಂಡಿದ್ದೇನೆ.

ಮೂಲ ನಿಯಮ

ಮಮ್ಮಿಯ ಮುಷ್ಟಿಯ ಏಟು ತಗುಲಿದ ಪ್ರತಿ ಸಲವೂ ಏಟು ತಿಂದ ಪಾತ್ರ ಕಾನ್‌ಸ್ಟಿಟ್ಯೂಷನ್ ಸೇವಿಂಗ್ ಥ್ರೋ ಹಾಕಬೇಕು, ಅಂದರೆ ಇಪ್ಪತ್ತು ಮುಖದ ದಾಳ ಎಸೆದು ತನ್ನ ದೇಹದಾರ್ಢ್ಯದ ಅಂಕ ಸೇರಿಸಬೇಕು. ಮೊತ್ತ 12 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಪಾರು, ಕಡಿಮೆ ಬಂದರೆ ಶಾಪ ಹತ್ತಿತು. ಮಮ್ಮಿಗಿಂತ ಬಲಿಷ್ಠವಾದ ಮಮ್ಮಿ ಲಾರ್ಡ್ ಹೊಡೆದರೆ ಆ ಅಂಕ 16ಕ್ಕೆ ಏರುತ್ತದೆ. ಕಾನ್‌ಸ್ಟಿಟ್ಯೂಷನ್ +2 ಇದ್ದು, ಆ ಸೇವ್‌ನಲ್ಲಿ ಪ್ರೊಫಿಷಿಯೆನ್ಸಿ (ಪರಿಣತಿಯ ಹೆಚ್ಚುವರಿ ಅಂಕ) ಇಲ್ಲದ ಪಾತ್ರ ಸಾಮಾನ್ಯ ಮಮ್ಮಿಯ ಎದುರು ನೂರಕ್ಕೆ 45 ಸಲ, ಮಮ್ಮಿ ಲಾರ್ಡ್ ಎದುರು ನೂರಕ್ಕೆ 65 ಸಲ ಸೋಲುತ್ತದೆ; ಅಂದರೆ ಇದು ಅಪರೂಪಕ್ಕೆ ಬರುವ ಆಪತ್ತಲ್ಲ, ಮಮ್ಮಿಯೊಡನೆ ಕೈಗೆ ಕೈ ಹತ್ತಿಸಿದ ತಂಡದಲ್ಲಿ ಒಬ್ಬರಿಗಾದರೂ ತಗುಲುವುದೇ ಸಹಜ.

ಶಾಪ ಹತ್ತಿದ ಮೇಲೆ ಎರಡು ಸಂಗತಿಗಳು ನಡೆಯುತ್ತವೆ. ಒಂದು, ಆ ಕ್ಷಣದಿಂದಲೇ ಪಾತ್ರ ಯಾವ ವಿಧದಿಂದಲೂ ಹಿಟ್ ಪಾಯಿಂಟ್ (ಪಾತ್ರದ ಪ್ರಾಣಶಕ್ತಿಯ ಅಂಕಿ) ಮರಳಿ ಪಡೆಯಲಾರದು. ಎರಡು, 24 ಗಂಟೆ ಕಳೆದಾಗಲೊಮ್ಮೆ ಗರಿಷ್ಠ ಹಿಟ್ ಪಾಯಿಂಟ್‌ನಿಂದ ಆರು ಮುಖದ ಮೂರು ದಾಳಗಳ ಮೊತ್ತ ಕಳೆಯುತ್ತದೆ. ಗರಿಷ್ಠವೇ ಸೊನ್ನೆಗೆ ಇಳಿದರೆ ಪಾತ್ರ ಸಾಯುತ್ತದೆ, ದೇಹ ಧೂಳಾಗುತ್ತದೆ. ದಿನದಿನವೂ ಹೊಸ ಸೇವಿಂಗ್ ಥ್ರೋ ಇಲ್ಲ, ತಾನಾಗಿ ಇಳಿಯುವ ಅವಧಿಯೂ ಇಲ್ಲ. ರಿಮೂವ್ ಕರ್ಸ್ ಅಥವಾ ಅದಕ್ಕೆ ಸಮಾನವಾದ ಮಂತ್ರ ಬೀಳುವವರೆಗೆ ಅದು ಹೋಗುವುದಿಲ್ಲ.

ಇದನ್ನು ಓದುತ್ತಿರುವಾಗ ಆಟ ನಡೆಯುತ್ತಿದ್ದರೆ, ಮುಂದಕ್ಕೆ ಓದುವ ಮೊದಲು ಆಟದ ಲೋಕದಲ್ಲಿ ಈಗ ಎಷ್ಟು ಗಂಟೆಯಾಗಿದೆ ಎಂದು ಆಟ ನಡೆಸುವ ಡಿಎಂ (ಡಂಜನ್ ಮಾಸ್ಟರ್) ಅವರನ್ನು ಕೇಳಿ, ಪಾತ್ರದ ವಿವರವಿರುವ ಕ್ಯಾರೆಕ್ಟರ್ ಶೀಟಿನ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದಿಡಿ. "ಮೂಲ ಗರಿಷ್ಠ 44, ಏಟು ಬಿದ್ದದ್ದು ಸಂಜೆ, ಗೋರಿಯ ಎರಡನೆಯ ಕೋಣೆ" ಎಂಬಷ್ಟು ಸಾಕು. ಮೂಲ ಗರಿಷ್ಠವನ್ನು ಅಳಿಸಿ ಹೊಸ ಅಂಕಿ ಬರೆಯಬೇಡಿ, ಪಕ್ಕದಲ್ಲಿ ಬರೆಯಿರಿ; ಶಾಪ ಕಳೆದ ದಿನ ಆ ಹಳೆಯ ಅಂಕಿಯೇ ಬೇಕಾಗುತ್ತದೆ.

ಲಕ್ಷಣ: ಗಾಯಕ್ಕೆ ಮಂತ್ರ ಹಾಕಿದರೂ ಹಿಟ್ ಪಾಯಿಂಟ್ ಏರುತ್ತಿಲ್ಲ

ಎಲ್ಲಕ್ಕಿಂತ ಮೊದಲು ಕಾಣುವುದು ಇದೇ, ಮೊದಲ 24 ಗಂಟೆಗಳಲ್ಲಿ ಕಾಣುವುದೂ ಇದೊಂದೇ. ಆದ್ದರಿಂದ ಇಡೀ ರೋಗನಿರ್ಣಯದಲ್ಲಿ ಇದಕ್ಕೆ ಕೊಡುವಷ್ಟು ಗಮನವನ್ನು ಇನ್ನಾವುದಕ್ಕೂ ಕೊಡಬೇಕಾಗಿಲ್ಲ.

ಖರ್ಚಿಲ್ಲದ ಪರೀಕ್ಷೆ: ಪಾತ್ರದ ಹಿಟ್ ಪಾಯಿಂಟ್ ಆಗಲೇ ಗರಿಷ್ಠದಲ್ಲಿ ಇದೆಯೇ ನೋಡಿ. ಗರಿಷ್ಠ ಯಾವುದೋ ಕಾರಣಕ್ಕೆ ಕುಗ್ಗಿದ್ದು ಯಾರೂ ಅದನ್ನು ಶೀಟಿನಲ್ಲಿ ತಿದ್ದಿಲ್ಲವಾದರೆ, ತುಂಬಿದ ಕೊಡಕ್ಕೆ ನೀರು ಹೊಯ್ದಂತೆ ಮಂತ್ರ ವ್ಯರ್ಥವಾಗುತ್ತದೆ. ಹಾಗಿದ್ದರೆ ನಿಮ್ಮ ಲಕ್ಷಣ ಇದಲ್ಲ, ಮುಂದಿನ ವಿಭಾಗದ್ದು.

ಎರಡನೆಯದು, ಎದುರಿದ್ದವರು ಯಾರು ಎಂದು ನೆನಪಿಸಿಕೊಳ್ಳಿ. ಗಾಯ ವಾಸಿಯಾಗದಂತೆ ತಡೆಯುವ ಇನ್ನೆರಡು ಸಂಗತಿಗಳು ಮೇಜಿನಲ್ಲಿ ಆಗಾಗ ಎದುರಾಗುತ್ತವೆ. ಚಿಲ್ ಟಚ್ ಎಂಬ ಕ್ಯಾಂಟ್ರಿಪ್ (ಕಿರುಮಂತ್ರ) ತಗುಲಿದರೆ, ಹಾಕಿದವನ ಮುಂದಿನ ಸರದಿ ಆರಂಭವಾಗುವವರೆಗೆ ಮಾತ್ರ ಗುಣವಾಗುವುದಿಲ್ಲ. ಒಂದು ಸುತ್ತು ಕಾದರೆ ಸಾಕು. ಬಿಯರ್ಡೆಡ್ ಡೆವಿಲ್‌ನ ಗಡ್ಡ ತಾಗಿ ವಿಷವೇರಿದರೆ ಆ ವಿಷ ಇರುವಷ್ಟು ಹೊತ್ತು, ಹೆಚ್ಚೆಂದರೆ ಒಂದು ನಿಮಿಷ, ಹಿಟ್ ಪಾಯಿಂಟ್ ಮರಳುವುದಿಲ್ಲ. ಎರಡೂ ಕಾಳಗದ ಜೊತೆಗೇ ಮುಗಿಯುವಂಥವು. ಕಾಳಗ ಮುಗಿದು ಹತ್ತು ನಿಮಿಷ ಕಳೆದ ಮೇಲೂ ಗಾಯ ಮಾಯದಿದ್ದರೆ ಮತ್ತು ಎದುರಾಳಿಗಳಲ್ಲಿ ಮಮ್ಮಿ ಇದ್ದಿದ್ದರೆ, ನಿರ್ಣಯ ಹೆಚ್ಚುಕಡಿಮೆ ಮುಗಿದಂತೆ.

ಅದನ್ನು ಖಚಿತಪಡಿಸಿಕೊಳ್ಳಲು ಅತಿ ಅಗ್ಗದ ದಾರಿ ಗುಡ್‌ಬೆರ್ರಿ ಎಂಬ ಮಂತ್ರ. ಡ್ರೂಯಿಡ್ ಅಥವಾ ರೇಂಜರ್ ಕ್ಲಾಸಿನ (ವೃತ್ತಿಯ) ಪಾತ್ರ ಮೊದಲ ಲೆವೆಲ್‌ನ ಒಂದೇ ಸ್ಲಾಟ್ (ಮಂತ್ರ ಹಾಕಲು ಇರುವ ಮಿತ ಅವಕಾಶ) ಖರ್ಚುಮಾಡಿದರೆ ಹತ್ತು ಹಣ್ಣುಗಳವರೆಗೆ ಸಿಗುತ್ತವೆ, ಒಂದೊಂದೂ ಒಂದು ಹಿಟ್ ಪಾಯಿಂಟ್ ಕೊಡುತ್ತದೆ. ಏಟು ತಿಂದ ಪ್ರತಿಯೊಬ್ಬರಿಗೂ ಒಂದೊಂದು ಹಣ್ಣು ತಿನ್ನಿಸಿ, ಯಾರ ಅಂಕಿ ಏರಲಿಲ್ಲ ನೋಡಿ. ಗುಡ್‌ಬೆರ್ರಿ ಇಲ್ಲದ ತಂಡದಲ್ಲಿ ಪ್ಯಾಲಡಿನ್ ತನ್ನ ಮುಟ್ಟಿ ಗುಣಪಡಿಸುವ ಶಕ್ತಿಯಾದ ಲೇ ಆನ್ ಹ್ಯಾಂಡ್ಸ್‌ನಿಂದ ಒಂದೇ ಒಂದು ಪಾಯಿಂಟ್ ಕೊಟ್ಟು ನೋಡಬಹುದು. ಕ್ಯೂರ್ ವೂಂಡ್ಸ್, ಪೋಷನ್ ಇವನ್ನೆಲ್ಲ ಒಂದಾದ ಮೇಲೊಂದು ಸುರಿಯುವ ತಂಡಗಳನ್ನು ನೋಡಿದ್ದೇನೆ. ಒಂದು ಪಾಯಿಂಟಿನಿಂದ ತಿಳಿಯುವ ಸಂಗತಿಗೆ ಅಷ್ಟನ್ನು ತೆರಬೇಕಾಗಿಲ್ಲ. ಮಮ್ಮಿಯ ಜೊತೆ ಕಾದಾಡಿದ ಪ್ರತಿ ಸಲವೂ, ಯಾರಿಗೂ ಅನುಮಾನವಿಲ್ಲದಿದ್ದರೂ, ಈ ಪರೀಕ್ಷೆ ಮಾಡಿಬಿಡುವುದು ಒಳ್ಳೆಯದು. ಸೇವಿಂಗ್ ಥ್ರೋವನ್ನು ಮರೆಯಲ್ಲಿ ಹಾಕುವ ಡಿಎಂ ಇದ್ದಲ್ಲಿ ಇದು ಕಡ್ಡಾಯವೆಂದೇ ಹೇಳುತ್ತೇನೆ.

ಶಾಪ ಖಚಿತವಾದೊಡನೆ ಆ ಪಾತ್ರದ ಹಿಟ್ ಡೈಸ್ (ಹಿಟ್ ಪಾಯಿಂಟ್ ಮರಳಿ ಪಡೆಯಲು ಎಸೆಯುವ ದಾಳ) ಖರ್ಚುಮಾಡುವುದನ್ನು ನಿಲ್ಲಿಸಿ, ಏಕೆಂದರೆ ಷಾರ್ಟ್ ರೆಸ್ಟ್ ಎಂಬ ಕಿರುವಿಶ್ರಾಂತಿಯಲ್ಲಿ ಅವು ಏನನ್ನೂ ಕೊಡವು. ಲಾಂಗ್ ರೆಸ್ಟ್ (ಎಂಟು ಗಂಟೆಯ ವಿಶ್ರಾಂತಿ) ಕೂಡ ಒಂದು ಪಾಯಿಂಟ್ ಮರಳಿಸದು. ಟೆಂಪರರಿ ಹಿಟ್ ಪಾಯಿಂಟ್ ಮಾತ್ರ ಇದಕ್ಕೆ ಹೊರತು: ಅದು ಗುಣವಾಗುವಿಕೆಯಲ್ಲ, ಮೇಲೊಂದು ಕವಚ. ಹೀರೋಯಿಸಂ, ಇನ್‌ಸ್ಪೈರಿಂಗ್ ಲೀಡರ್ ಫೀಟ್‌ನ ಹತ್ತು ನಿಮಿಷದ ಮಾತು, ತನಗೆ ತಾನೇ ಹಾಕಿಕೊಳ್ಳುವ ಫಾಲ್ಸ್ ಲೈಫ್ ಎಲ್ಲವೂ ಶಾಪಗ್ರಸ್ತ ಪಾತ್ರಕ್ಕೆ ದಕ್ಕುತ್ತವೆ. ಊರು ತಲುಪುವವರೆಗೆ ಅವನನ್ನು ಕಾಪಾಡಬೇಕಾದುದು ಇವುಗಳಿಂದಲೇ.

ಎಚ್ಚರಿಕೆ: ಶಾಪಗ್ರಸ್ತ ಪಾತ್ರ ಸೊನ್ನೆಗೆ ಬಿದ್ದರೆ

ಇದು ಬಹಳ ಜನ ಗಮನಿಸದ ಅಪಾಯ. ಸಾಮಾನ್ಯವಾಗಿ ಸೊನ್ನೆಗೆ ಬಿದ್ದವನು ಡೆತ್ ಸೇವ್‌ನಲ್ಲಿ (ಸಾವಿನಿಂದ ಪಾರಾಗಲು ಹಾಕುವ ಎಸೆತದಲ್ಲಿ) 20 ಎಸೆದರೆ ಒಂದು ಹಿಟ್ ಪಾಯಿಂಟಿನೊಂದಿಗೆ ಏಳುತ್ತಾನೆ. ಸ್ಥಿರಗೊಂಡವನು ನಾಲ್ಕು ಮುಖದ ದಾಳ ಹೇಳುವಷ್ಟು ಗಂಟೆಗಳಾದ ಮೇಲೆ ಒಂದು ಪಾಯಿಂಟ್ ಪಡೆದು ಕಣ್ಣುಬಿಡುತ್ತಾನೆ. ನಿಯಮವನ್ನು ಅಕ್ಷರಶಃ ಓದಿದರೆ ಇವೆರಡೂ ಹಿಟ್ ಪಾಯಿಂಟ್ ಮರಳಿ ಪಡೆಯುವ ಬಗೆಗಳೇ ಆದ್ದರಿಂದ ಶಾಪ ಎರಡನ್ನೂ ತಡೆಯುತ್ತದೆ. ಹೀಲಿಂಗ್ ವರ್ಡ್ ಕೂಗಿ ಎಬ್ಬಿಸಲೂ ಆಗದು. ಸ್ಪೇರ್ ದ ಡೈಯಿಂಗ್ ಅಥವಾ ಮೆಡಿಸಿನ್ ಚೆಕ್‌ನಿಂದ ಸ್ಥಿರಗೊಳಿಸಬಹುದು, ಅಷ್ಟೇ. ಶಾಪ ಕಳೆಯುವವರೆಗೆ ಅವನು ಪ್ರಜ್ಞೆಯಿಲ್ಲದೆ ಮಲಗಿರುತ್ತಾನೆ, ತಂಡ ಅವನನ್ನು ಹೊತ್ತು ನಡೆಯಬೇಕಾಗುತ್ತದೆ. ಆದ್ದರಿಂದ ಶಾಪ ಹತ್ತಿದೆ ಎಂದು ತಿಳಿದ ಮೇಲೆ ಆ ಪಾತ್ರವನ್ನು ಮುಂದಿನ ಸಾಲಿನಿಂದ ಹಿಂದಕ್ಕೆ ಸರಿಸಿ, ಅವನು ಎಷ್ಟೇ ಬಲಶಾಲಿ ಫೈಟರ್ ಆಗಿರಲಿ. ಗೋರಿಯಲ್ಲಿ ಇನ್ನೂ ಎರಡು ಕೋಣೆ ಉಳಿದಿವೆ ಎಂಬುದು ಮುಂದುವರಿಯಲು ಕಾರಣವಾಗಕೂಡದು.

ಲಕ್ಷಣ: ಗರಿಷ್ಠ ಹಿಟ್ ಪಾಯಿಂಟ್ ಕುಗ್ಗಿದೆ

ಈ ಲಕ್ಷಣಕ್ಕೆ ಕಾರಣಗಳು ಹಲವು. ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಕುಗ್ಗಿತು ಎಂಬುದಲ್ಲ, ಯಾವಾಗ ಕುಗ್ಗಿತು ಎಂಬುದು.

ಏಟು ಬಿದ್ದ ಕ್ಷಣದಲ್ಲೇ ಕುಗ್ಗಿದ್ದರೆ ಅದು ಮಮ್ಮಿ ರಾಟ್ ಅಲ್ಲ. ಸ್ಪೆಕ್ಟರ್, ರೈತ್, ವೈಟ್ ಎಂಬ ಪ್ರೇತಗಳ ಲೈಫ್ ಡ್ರೇನ್ (ಜೀವ ಹೀರುವ ಏಟು), ವ್ಯಾಂಪೈರ್‌ನ ಕಡಿತ, ಸಕ್ಯುಬಸ್‌ನ ಮುತ್ತು ಇವೆಲ್ಲ ಆಗಿಂದಾಗಲೇ ಗರಿಷ್ಠವನ್ನು ಇಳಿಸುತ್ತವೆ, ಮತ್ತು ಪಾತ್ರ ಬದುಕಿದ್ದರೆ ಒಂದು ಲಾಂಗ್ ರೆಸ್ಟ್ ಆದ ಮೇಲೆ ಗರಿಷ್ಠ ಮೊದಲಿನಂತಾಗುತ್ತದೆ. ಇದಕ್ಕೆ ನಿದ್ರೆಗಿಂತ ಬೇರೆ ಮದ್ದು ಬೇಕಿಲ್ಲ. ಕ್ಲೇ ಗೋಲೆಮ್‌ನ ಏಟು ಮಾತ್ರ ಬೇರೆ ಬಗೆಯದು: ಅದೂ ತಕ್ಷಣ ಕುಗ್ಗಿಸುತ್ತದೆ, ಆದರೆ ಎಷ್ಟು ಮಲಗಿದರೂ ಮರಳುವುದಿಲ್ಲ, ಗ್ರೇಟರ್ ರೆಸ್ಟೋರೇಷನ್‌ನಂಥ ಮಂತ್ರವೇ ಬೇಕು.

ಒಂದು ದಿನ ಕಳೆದ ಮೇಲೆ ಕುಗ್ಗಿದ್ದರೆ ಅನುಮಾನಪಟ್ಟಿಯಲ್ಲಿ ಮೂರು ಹೆಸರುಗಳು ಉಳಿಯುತ್ತವೆ: ಮಮ್ಮಿ, ಡೆತ್ ಡಾಗ್, ಆಟ್ಯುಗ್. ಕೊನೆಯ ಎರಡರ ಕಡಿತದಿಂದ ಬರುವುದು ನಿಜವಾದ ರೋಗ. ಅವನ್ನು ಮಮ್ಮಿ ರಾಟ್‌ನಿಂದ ಬೇರ್ಪಡಿಸುವ ಗುರುತುಗಳು ಸ್ಪಷ್ಟವಾಗಿವೆ. ಆ ರೋಗಗಳಲ್ಲಿ ಪಾತ್ರ ಪಾಯ್ಸನ್ಡ್ ಸ್ಥಿತಿಯಲ್ಲಿರುತ್ತದೆ, ಅಂದರೆ ದಾಳಿಯಲ್ಲೂ ಎಬಿಲಿಟಿ ಚೆಕ್‌ನಲ್ಲೂ ಡಿಸ್‌ಅಡ್ವಾಂಟೇಜ್ (ಎರಡು ಸಲ ಎಸೆದು ಕಡಿಮೆ ಬಂದದ್ದನ್ನೇ ಹಿಡಿಯುವುದು) ಇರುತ್ತದೆ. ಮಮ್ಮಿ ರಾಟ್ ತಗುಲಿದವನ ಕತ್ತಿಯ ಗುರಿ ಕೊನೆಯ ದಿನದವರೆಗೂ ತಪ್ಪುವುದಿಲ್ಲ. ಆ ರೋಗಗಳಲ್ಲಿ ದಿನಕ್ಕೊಮ್ಮೆ ಹೊಸ ಸೇವಿಂಗ್ ಥ್ರೋ ಕೇಳುತ್ತಾರೆ. ಮಮ್ಮಿ ರಾಟ್‌ನಲ್ಲಿ ಡಿಎಂ ಏನನ್ನೂ ಕೇಳದೆ ಅಂಕಿ ಕಳೆಯುತ್ತಾರೆ. ಆ ರೋಗಗಳಲ್ಲಿ ಕಳೆಯುವುದು ಹತ್ತು ಮುಖದ ಒಂದು ದಾಳ. ಇಲ್ಲಿ ಆರು ಮುಖದ ಮೂರು. ಹತ್ತಕ್ಕಿಂತ ಹೆಚ್ಚು ಕಳೆದಿದ್ದರೆ ಅದು ಆ ರೋಗಗಳಲ್ಲ ಎಂದು ಅಲ್ಲೇ ತೀರ್ಮಾನಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಆ ರೋಗಗಳಲ್ಲಿ ಗಾಯ ಮಾಯುತ್ತದೆ. ಮೇಲೆ ಹೇಳಿದ ಗುಡ್‌ಬೆರ್ರಿ ಪರೀಕ್ಷೆ ಇಲ್ಲಿಯೂ ಕೊನೆಯ ಮಾತು ಹೇಳುತ್ತದೆ.

ಒಂದೇ ಗೋರಿಯಲ್ಲಿ ಮಮ್ಮಿಯೂ ರೈತ್‌ಗಳೂ ಇದ್ದರೆ ಒಂದೇ ಪಾತ್ರಕ್ಕೆ ಎರಡೂ ತಗುಲಿರುವುದು ಸಾಧ್ಯ. ಆಗ ಲಾಂಗ್ ರೆಸ್ಟ್ ಆದ ಮೇಲೆ ಗರಿಷ್ಠದ ಒಂದು ಪಾಲು ಮರಳುತ್ತದೆ, ತಂಡ ನಿಟ್ಟುಸಿರು ಬಿಡುತ್ತದೆ, ಹಿಟ್ ಪಾಯಿಂಟ್ ಮಾತ್ರ ಏರಿಲ್ಲ ಎಂಬುದನ್ನು ಯಾರೂ ನೋಡುವುದಿಲ್ಲ. ಆದ್ದರಿಂದ ಶೀಟಿನಲ್ಲಿ ಪ್ರತಿ ಇಳಿಕೆಯ ಪಕ್ಕದಲ್ಲೂ ಅದು ಯಾವ ಜೀವಿಯಿಂದ ಬಂತು ಎಂದು ಬೇರೆಬೇರೆಯಾಗಿ ಬರೆದಿಡಬೇಕು.

ಲಕ್ಷಣ: ರೋಗ ಕಳೆಯುವ ಮಂತ್ರ ಹಾಕಿದರೂ ಪ್ರಯೋಜನವಿಲ್ಲ

ಇದು ಲಕ್ಷಣವೂ ಹೌದು, ನಿರ್ಣಯವೂ ಹೌದು. ಲೆಸರ್ ರೆಸ್ಟೋರೇಷನ್ ಒಂದು ರೋಗವನ್ನು ಕಳೆಯುತ್ತದೆ. ಪ್ಯಾಲಡಿನ್‌ನ ಲೇ ಆನ್ ಹ್ಯಾಂಡ್ಸ್ ಐದು ಪಾಯಿಂಟ್ ಖರ್ಚಿನಲ್ಲಿ ಒಂದು ರೋಗ ಅಥವಾ ಒಂದು ವಿಷವನ್ನು ಕಳೆಯುತ್ತದೆ. ಶಾಪವನ್ನು ಎರಡೂ ಮುಟ್ಟುವುದಿಲ್ಲ. ಅದೇ ಕಾರಣಕ್ಕೆ, ಪ್ಯಾಲಡಿನ್‌ಗೆ ಮೂರನೆಯ ಲೆವೆಲ್‌ನಲ್ಲಿ ಬರುವ ಡಿವೈನ್ ಹೆಲ್ತ್, ಮಾಂಕ್‌ಗೆ ಹತ್ತನೆಯ ಲೆವೆಲ್‌ನಲ್ಲಿ ಬರುವ ಪ್ಯೂರಿಟಿ ಆಫ್ ಬಾಡಿ, ಕೊರಳಲ್ಲಿ ಧರಿಸುವ ಪೆರಿಯಾಪ್ಟ್ ಆಫ್ ಹೆಲ್ತ್ ಇವು ರೋಗದಿಂದ ಪೂರ್ಣ ರಕ್ಷಣೆ ಕೊಟ್ಟರೂ ಮಮ್ಮಿಯ ಮುಷ್ಟಿಯಿಂದ ಕಾಪಾಡುವುದಿಲ್ಲ. ನನಗೆ ರೋಗ ತಗುಲುವುದಿಲ್ಲ ಎಂದು ಧೈರ್ಯದಿಂದ ಮಮ್ಮಿಯ ಎದುರು ನಿಲ್ಲುವ ಪ್ಯಾಲಡಿನ್‌ಗೆ ತಂಡದವರು ಇದನ್ನು ಮೊದಲೇ ಹೇಳಬೇಕು. ಆರನೆಯ ಲೆವೆಲ್‌ನ ಪ್ಯಾಲಡಿನ್ ಸುತ್ತ ಇರುವ ಔರಾ ಆಫ್ ಪ್ರೊಟೆಕ್ಷನ್ ಮಾತ್ರ ಎಲ್ಲ ಸೇವಿಂಗ್ ಥ್ರೋಗಳಿಗೂ ಅಂಕ ಸೇರಿಸುವುದರಿಂದ ಇಲ್ಲೂ ಉಪಯೋಗಕ್ಕೆ ಬರುತ್ತದೆ.

ಇನ್ನೂ ಅನುಮಾನವಿದ್ದರೆ ಡಿಟೆಕ್ಟ್ ಪಾಯ್ಸನ್ ಅಂಡ್ ಡಿಸೀಸ್ ಅನ್ನು ರಿಚುವಲ್ ಆಗಿ ಹಾಕಿ. ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ಸ್ಲಾಟ್ ಖರ್ಚಾಗುವುದಿಲ್ಲ. ದೇಹದಲ್ಲಿ ರೋಗವೂ ಇಲ್ಲ, ವಿಷವೂ ಇಲ್ಲ, ಗಾಯವೂ ಮಾಯುತ್ತಿಲ್ಲ ಎಂದಾದರೆ ಉಳಿಯುವುದು ಶಾಪವೊಂದೇ. ಡಿಸ್ಪೆಲ್ ಮ್ಯಾಜಿಕ್‌ಗೆ ಸ್ಲಾಟ್ ಸುಡಬೇಡಿ. ಅದು ಕಳೆಯುವುದು ಯಾರೋ ಹಾಕಿದ ಸ್ಪೆಲ್‌ಗಳನ್ನು, ಮಮ್ಮಿ ರಾಟ್ ಸ್ಪೆಲ್ ಅಲ್ಲ.

ಶಾಪ ಕಳೆಯುವುದು: ಯಾರ ಕೈಯಲ್ಲಿ ಆಗುತ್ತದೆ

ರಿಮೂವ್ ಕರ್ಸ್ ಮೂರನೆಯ ಲೆವೆಲ್‌ನ ಸ್ಪೆಲ್. ಮುಟ್ಟಿ ಹಾಕಬೇಕು, ಒಂದು ಆಕ್ಷನ್ ಸಾಕು, ಯಾವ ಸಾಮಗ್ರಿಯ ಖರ್ಚೂ ಇಲ್ಲ. ಕ್ಲೆರಿಕ್, ವಿಜರ್ಡ್ ಮತ್ತು ವಾರ್ಲಾಕ್‌ಗೆ ಐದನೆಯ ಲೆವೆಲ್‌ನಲ್ಲಿ, ಪ್ಯಾಲಡಿನ್‌ಗೆ ಒಂಬತ್ತನೆಯ ಲೆವೆಲ್‌ನಲ್ಲಿ ಅದು ಸಿಗಬಲ್ಲದು. ಸಿಗಬಲ್ಲದು ಎಂದೆ, ಕೈಯಲ್ಲಿದೆ ಎನ್ನಲಿಲ್ಲ: ವಿಜರ್ಡ್‌ನ ಸ್ಪೆಲ್‌ಬುಕ್‌ನಲ್ಲಿ ಅದು ಬರೆದಿರಬೇಕು, ವಾರ್ಲಾಕ್ ಅದನ್ನು ಕಲಿತಿರಬೇಕು, ಕ್ಲೆರಿಕ್ ಮತ್ತು ಪ್ಯಾಲಡಿನ್ ಅಂದಿನ ಪಟ್ಟಿಯಲ್ಲಿ ಸಿದ್ಧಮಾಡಿಕೊಂಡಿರಬೇಕು.

ಕ್ಲೆರಿಕ್ ಇರುವ ತಂಡಕ್ಕೆ ಇದರಲ್ಲಿ ಒಂದು ನೆಮ್ಮದಿಯಿದೆ. ಅವರು ಪ್ರತಿ ಲಾಂಗ್ ರೆಸ್ಟ್ ನಂತರ ಪಟ್ಟಿ ಬದಲಿಸಬಹುದು. ಏಟು ಬಿದ್ದ ರಾತ್ರಿಯೇ ಎಂಟು ಗಂಟೆ ವಿಶ್ರಾಂತಿ ಪಡೆದು, ಬೆಳಗ್ಗೆ ರಿಮೂವ್ ಕರ್ಸ್ ಸಿದ್ಧಮಾಡಿಕೊಂಡರೆ 24 ಗಂಟೆಯ ಗಡುವು ಮುಗಿಯುವ ಮೊದಲೇ ಶಾಪ ಕಳೆಯುತ್ತದೆ, ಗರಿಷ್ಠದಿಂದ ಒಂದಂಕಿಯೂ ಹೋಗುವುದಿಲ್ಲ. ಗಾಯಾಳುವಿಗೆ ಆ ವಿಶ್ರಾಂತಿಯಿಂದ ಏನೂ ಸಿಗದು, ಆದರೆ ಮಂತ್ರ ಹಾಕುವವನಿಗೆ ಎಲ್ಲವೂ ಸಿಗುತ್ತದೆ. ಲಾಂಗ್ ರೆಸ್ಟ್ 24 ಗಂಟೆಗೆ ಒಮ್ಮೆ ಮಾತ್ರ ಫಲ ಕೊಡುವುದರಿಂದ, ರಾತ್ರಿಯ ಕಾವಲನ್ನು ಉಳಿದವರು ವಹಿಸಿಕೊಂಡು ಕ್ಲೆರಿಕ್‌ನ ನಿದ್ರೆ ಕೆಡದಂತೆ ನೋಡಿಕೊಳ್ಳಬೇಕು.

ಆ ಮಂತ್ರ ಬರೆದ ಸ್ಕ್ರಾಲ್ ಇದ್ದರೆ ಓದುವವರು ಯಾರೆಂದು ಮೊದಲು ಯೋಚಿಸಿ. ಆ ಸ್ಪೆಲ್ ತಮ್ಮ ಕ್ಲಾಸಿನ ಪಟ್ಟಿಯಲ್ಲಿರುವವರಿಗೆ ಮಾತ್ರ ಸ್ಕ್ರಾಲ್ ಅರ್ಥವಾಗುತ್ತದೆ. ಡ್ರೂಯಿಡ್, ರೇಂಜರ್, ಬಾರ್ಡ್ ಕೈಯಲ್ಲಿ ಅದು ಬರಿಯ ಕಾಗದ. ಐದನೆಯ ಲೆವೆಲ್ ಮುಟ್ಟದ ಕ್ಲೆರಿಕ್ ಓದಬಹುದು, ಆದರೆ 13ರ ಚೆಕ್ ಗೆಲ್ಲಬೇಕು. ಸೋತರೆ ಸ್ಕ್ರಾಲ್ ಹೋಯಿತು.

ಡ್ರೂಯಿಡ್ ಮತ್ತು ಬಾರ್ಡ್‌ಗಳಿಗೆ ಇರುವ ದಾರಿ ಗ್ರೇಟರ್ ರೆಸ್ಟೋರೇಷನ್. ಕ್ಲೆರಿಕ್‌ಗೂ ಇದು ಇದೆ. ಐದನೆಯ ಲೆವೆಲ್‌ನ ಸ್ಪೆಲ್ ಆದ್ದರಿಂದ ಪಾತ್ರ ಒಂಬತ್ತನೆಯ ಲೆವೆಲ್ ತಲುಪಿರಬೇಕು, 100 ಚಿನ್ನದ ನಾಣ್ಯ ಬೆಲೆಯ ವಜ್ರದ ಪುಡಿ ಪ್ರತಿ ಸಲ ಖರ್ಚಾಗುತ್ತದೆ.

ಯಾವಾಗ ನಿಲ್ಲಿಸಿ ನೆರವು ಹುಡುಕಬೇಕು

ತಂಡದಲ್ಲಿ ಈ ಮಂತ್ರ ಯಾರಿಗೂ ಬಾರದು ಎಂದು ತಿಳಿದ ಕ್ಷಣವೇ. ನಾಳೆ ಬೆಳಗ್ಗೆಯಲ್ಲ, ಗೋರಿಯ ನಿಧಿ ಸಿಕ್ಕ ಮೇಲೆ ಅಲ್ಲ. ಇದಕ್ಕೆ ಲೆಕ್ಕವೇ ಆಧಾರ.

ಐದನೆಯ ಲೆವೆಲ್‌ನ, ಕಾನ್‌ಸ್ಟಿಟ್ಯೂಷನ್ +2 ಇರುವ ಫೈಟರ್‌ನ ಗರಿಷ್ಠ ಸರಾಸರಿ ಲೆಕ್ಕದಲ್ಲಿ 44. ದಿನಕ್ಕೆ ಸರಾಸರಿ ಹತ್ತೂವರೆ ಕಳೆಯುತ್ತದೆ ಎಂದರೆ ನಾಲ್ಕು ದಿನ ದಾಟಿ ಐದನೆಯ ಕಡಿತದಲ್ಲಿ ಅವನು ಸಾಯುತ್ತಾನೆ. ಆದರೆ ಮೂರು ದಾಳಗಳೂ ಆರು ತೋರಿಸಿದರೆ ಒಂದು ದಿನಕ್ಕೆ 18 ಹೋಗುತ್ತದೆ. ಹಾಗಾದರೆ ಮೂರನೆಯ ಕಡಿತವೇ ಕೊನೆಯದು. ಅದೇ ಲೆವೆಲ್‌ನ, ಕಾನ್‌ಸ್ಟಿಟ್ಯೂಷನ್ +1 ಇರುವ ವಿಜರ್ಡ್‌ಗೆ ಗರಿಷ್ಠ 27. ಸರಾಸರಿಯಲ್ಲಿ ಮೂರನೆಯ ದಿನ, ಅತಿ ಕೆಟ್ಟ ಸಂದರ್ಭದಲ್ಲಿ ಎರಡನೆಯ ದಿನ. ಪ್ರಯಾಣದ ದಿನಗಳನ್ನು ಎಣಿಸುವಾಗ ಸರಾಸರಿಯನ್ನು ನಂಬಬೇಡಿ. ಈಗಿರುವ ಗರಿಷ್ಠವನ್ನು 18ರಿಂದ ಭಾಗಿಸಿ. ಬಂದ ಪೂರ್ಣಾಂಕದಷ್ಟು ಕಡಿತಗಳನ್ನು ಮಾತ್ರ ಅವನು ಖಂಡಿತವಾಗಿ ತಾಳುತ್ತಾನೆ, ಶೇಷ ಸೊನ್ನೆಯಾದರೆ ಅದರಲ್ಲೂ ಒಂದು ಕಡಿಮೆ. ಅಷ್ಟರೊಳಗೆ ತಲುಪಲಾಗದ ಊರು ಲೆಕ್ಕಕ್ಕಿಲ್ಲ.

ಊರು ಆರಿಸುವಾಗಲೂ ಎಚ್ಚರ ಬೇಕು. ಮೊದಲ, ಎರಡನೆಯ ಲೆವೆಲ್‌ನ ಮಂತ್ರಗಳನ್ನು ಹಣ ಕೊಟ್ಟು ಹಾಕಿಸುವುದು ಸಾಧಾರಣ ಪಟ್ಟಣದಲ್ಲೂ ಸುಲಭ, ನಿಯಮಪುಸ್ತಕ ಅದಕ್ಕೆ 10ರಿಂದ 50 ಚಿನ್ನದ ನಾಣ್ಯ ಎನ್ನುತ್ತದೆ. ಅದಕ್ಕಿಂತ ಮೇಲಿನ ಮಂತ್ರಕ್ಕೆ ನಿಗದಿಯಾದ ದರವಿಲ್ಲ, ದೊಡ್ಡ ನಗರದ ದೊಡ್ಡ ದೇಗುಲವೇ ಬೇಕಾಗಬಹುದು, ಮತ್ತು ಅಲ್ಲಿಯ ಅರ್ಚಕರು ಹಣಕ್ಕೆ ಬದಲು ಒಂದು ಕೆಲಸ ಮಾಡಿಕೊಡಿ ಎಂದು ಕೇಳಬಹುದು. ಅವರೂ ಆ ದಿನ ಆ ಮಂತ್ರ ಸಿದ್ಧಮಾಡಿಕೊಂಡಿರಲಿಕ್ಕಿಲ್ಲ. ಪ್ರಯಾಣದ ಲೆಕ್ಕಕ್ಕೆ ಒಂದು ರಾತ್ರಿ ಸೇರಿಸಿಕೊಳ್ಳಿ, ಕುದುರೆ ಇದ್ದವರೊಬ್ಬರನ್ನು ಮುಂದಾಗಿ ಕಳುಹಿಸಿ ಹೇಳಿಸಿಡಿ.

ಗರಿಷ್ಠ ಸೊನ್ನೆಯಾಗಿ ದೇಹ ಧೂಳಾದ ಮೇಲೆ ಸತ್ತವರನ್ನು ಬದುಕಿಸುವ ರೈಸ್ ಡೆಡ್‌ನಂಥ ಸಾಮಾನ್ಯ ದಾರಿಗಳು ಮುಚ್ಚುತ್ತವೆ. 25,000 ಚಿನ್ನದ ನಾಣ್ಯ ಬೆಲೆಯ ವಜ್ರ ಕೇಳುವ ಟ್ರೂ ರಿಸರೆಕ್ಷನ್ ದೇಹವಿಲ್ಲದೆಯೂ ಕೆಲಸ ಮಾಡುತ್ತದೆ, ಶಾಪವನ್ನೂ ಕಳೆಯುತ್ತದೆ. ಅದಕ್ಕಿಂತ ಕೆಳಗಿನ ರಿಸರೆಕ್ಷನ್ ಧೂಳಿನ ಮೇಲೆ ನಡೆಯುತ್ತದೋ ಇಲ್ಲವೋ ಎಂಬುದು ನಿಮ್ಮ ಡಿಎಂ ತೀರ್ಪು, ಮತ್ತು ಅದು ಶಾಪವನ್ನು ತಾನಾಗಿ ತೆಗೆಯುವುದಿಲ್ಲ. ಆದರೂ ಧೂಳನ್ನು ಬಟ್ಟೆಯಲ್ಲಿ ಕಟ್ಟಿಟ್ಟುಕೊಳ್ಳಿ.

ಲಕ್ಷಣ: ರಿಮೂವ್ ಕರ್ಸ್ ಆಯಿತು, ಪಾತ್ರ ಇನ್ನೂ ಸರಿಹೋಗಿಲ್ಲ

ಮೊದಲು ಮತ್ತೊಂದು ಗುಡ್‌ಬೆರ್ರಿ. ಹಿಟ್ ಪಾಯಿಂಟ್ ಏರಿದರೆ ಶಾಪ ಹೋಗಿದೆ. ಏರದಿದ್ದರೆ ಮುಟ್ಟಿದ್ದು ಸರಿಯಾದ ವ್ಯಕ್ತಿಯನ್ನೇ, ಮಂತ್ರವನ್ನು ಯಾರೂ ಕೌಂಟರ್‌ಸ್ಪೆಲ್‌ನಿಂದ ತಡೆಯಲಿಲ್ಲವೇ, ಅದಾದ ಮೇಲೆ ಮತ್ತೆ ಮಮ್ಮಿಯ ಏಟು ಬಿತ್ತೇ ಎಂದು ನೋಡಿ. ಶಾಪ ಒಮ್ಮೆ ಕಳೆದ ಮಾತ್ರಕ್ಕೆ ಎರಡನೆಯ ಏಟಿನಿಂದ ರಕ್ಷಣೆ ಬರುವುದಿಲ್ಲ.

ಹಿಟ್ ಪಾಯಿಂಟ್ ಏರಿ, ಗರಿಷ್ಠ ಮಾತ್ರ ಕೆಳಗೇ ಉಳಿದಿದ್ದರೆ ವಿಷಯ ಸ್ವಲ್ಪ ಸೂಕ್ಷ್ಮ. ಶಾಪ ಕಳೆದಾಗ ಈವರೆಗೆ ಕುಗ್ಗಿದ ಗರಿಷ್ಠ ತಾನಾಗಿ ಮರಳುತ್ತದೆಯೇ ಎಂಬುದನ್ನು 2014ರ ಪುಸ್ತಕ ಬಿಡಿಸಿ ಹೇಳುವುದಿಲ್ಲ. ಕುಗ್ಗಿಸಿದ್ದು ಶಾಪವೇ ಆದ್ದರಿಂದ ಶಾಪದ ಜೊತೆಗೆ ಅದರ ಪರಿಣಾಮವೂ ಹೋಗಬೇಕು ಎಂಬುದು ನನ್ನ ಓದು. ಹಲವು ದಿನ ನರಳಿ ಊರು ತಲುಪಿದ ಆಟಗಾರನಿಗೆ ಮತ್ತೆ 100 ನಾಣ್ಯದ ವಜ್ರ ತನ್ನಿ ಎನ್ನುವುದು ಕಠಿಣವೆಂದು ನನಗೆ ತೋರುತ್ತದೆ. ನಿಮ್ಮ ಡಿಎಂ ಬೇರೆಯಾಗಿ ಓದಿದರೆ ಗ್ರೇಟರ್ ರೆಸ್ಟೋರೇಷನ್‌ನಲ್ಲಿ ಗರಿಷ್ಠ ಹಿಟ್ ಪಾಯಿಂಟ್ ಕುಗ್ಗಿಸುವ ಒಂದು ಪರಿಣಾಮವನ್ನು ಕಳೆಯುವ ಆಯ್ಕೆ ಪ್ರತ್ಯೇಕವಾಗಿಯೇ ಇದೆ. ಈ ಪ್ರಶ್ನೆಯನ್ನು ಮಂತ್ರ ಹಾಕುವ ಮೊದಲೇ ಕೇಳಿ ಇತ್ಯರ್ಥಮಾಡಿಕೊಳ್ಳಿ. ಕ್ಲೇ ಗೋಲೆಮ್‌ನಿಂದ ಬಂದ ಇಳಿಕೆ ಬೆರೆತಿದ್ದರೆ ಅದನ್ನು ರಿಮೂವ್ ಕರ್ಸ್ ಯಾವ ಓದಿನಲ್ಲೂ ಮುಟ್ಟದು.

ಮಮ್ಮಿಯನ್ನು ಕಂಡು ಪಾತ್ರ ಹೆದರಿ ಮರಗಟ್ಟಿ ನಿಂತಿದ್ದು ಶಾಪದ ಲಕ್ಷಣವಲ್ಲ. ಅದು ಮಮ್ಮಿಯ ನೋಟದ ಪರಿಣಾಮ, ಮಮ್ಮಿಯ ಮುಂದಿನ ಸರದಿಯ ಕೊನೆಗೆ ಇಳಿಯುತ್ತದೆ.

ನಿಮ್ಮ ಮೇಜಿನಲ್ಲಿ ಬೇರೆ ಆವೃತ್ತಿ ಇದ್ದರೆ

ಮೇಲಿನ ಕ್ರಮ ಎಲ್ಲ ಪುಸ್ತಕಗಳಿಗೂ ಹೊಂದುವುದಿಲ್ಲ. 1977ರ ಮಾನ್‌ಸ್ಟರ್ ಮ್ಯಾನ್ಯುಯಲ್‌ನಲ್ಲಿ ಇದು ನೇರವಾಗಿ ರೋಗವೇ ಆಗಿತ್ತು: ಒಂದರಿಂದ ಆರು ತಿಂಗಳಲ್ಲಿ ಸಾವು, ತಿಂಗಳಿಗೆ ಎರಡು ಕರಿಸ್ಮಾ (ವರ್ಚಸ್ಸಿನ ಅಂಕ) ಶಾಶ್ವತ ನಷ್ಟ, ಮದ್ದು ಕ್ಯೂರ್ ಡಿಸೀಸ್. ಆ ನಿಯಮದಲ್ಲಿ ಆಡುವವರು ರೋಗದ ಮಂತ್ರವನ್ನೇ ಹುಡುಕಬೇಕು. 2003ರ ಮೂರೂವರೆಯ ಆವೃತ್ತಿಯಲ್ಲಿ ಅದು ಶಾಪ ಮತ್ತು ರೋಗ ಎರಡರ ಬೆರಕೆ: 16ರ ಫಾರ್ಟಿಟ್ಯೂಡ್ ಸೇವ್, ಒಂದೇ ನಿಮಿಷದಲ್ಲಿ ಆರಂಭ, ಕಾನ್‌ಸ್ಟಿಟ್ಯೂಷನ್ ಮತ್ತು ಕರಿಸ್ಮಾ ಎರಡರಲ್ಲೂ ಆರು ಮುಖದ ದಾಳದಷ್ಟು ನಷ್ಟ. ಅಲ್ಲಿ ಗುಣಪಡಿಸುವ ಯಾವ ಮಂತ್ರಕ್ಕೂ 20ರ ಕ್ಯಾಸ್ಟರ್ ಲೆವೆಲ್ ಚೆಕ್ ಬೇಕು. ಕ್ರಮ ತಪ್ಪಕೂಡದು: ಮೊದಲು ರಿಮೂವ್ ಕರ್ಸ್ ಅಥವಾ ಬ್ರೇಕ್ ಎನ್‌ಚಾಂಟ್‌ಮೆಂಟ್‌ನಿಂದ, ಅದಕ್ಕೂ 20ರ ಚೆಕ್ ಗೆದ್ದು, ಶಾಪ ಮುರಿಯಬೇಕು, ಆಮೇಲೆ ಸಾಮಾನ್ಯ ರೋಗದಂತೆ ಗುಣಪಡಿಸಬೇಕು. ಹಳೆಯ ಆಟಗಾರರ ನೆನಪಿನ ಮಾತನ್ನು ಹೊಸ ಪುಸ್ತಕದ ಮೇಜಿಗೆ ತಂದರೆ ಅನಾಹುತವಾಗುವುದು ಈ ವ್ಯತ್ಯಾಸದಿಂದಲೇ.

ಡಿಎಂ ಆಗಿರುವವರಿಗೆ

ಗೋರಿಯಲ್ಲಿ ಮಮ್ಮಿಯನ್ನು ಇರಿಸುವ ಮೊದಲು ತಂಡದ ಶೀಟುಗಳನ್ನು ನೋಡಿ. ಮಮ್ಮಿ ಚಾಲೆಂಜ್ ರೇಟಿಂಗ್ (ಎದುರಾಳಿಯ ಬಲದ ಅಳತೆ) 3ರ ಜೀವಿ. ಮೂರನೆಯ ಲೆವೆಲ್‌ನ ತಂಡ ಅದನ್ನು ಗೆಲ್ಲಬಲ್ಲದು, ಆದರೆ ಆ ತಂಡದಲ್ಲಿ ಯಾರಿಗೂ ರಿಮೂವ್ ಕರ್ಸ್ ಬಂದಿರುವುದಿಲ್ಲ. ಹಾಗಿದ್ದಲ್ಲಿ ಒಂದು ಸ್ಕ್ರಾಲ್ ಅಥವಾ ಎರಡು ದಿನದ ದಾರಿಯಲ್ಲೊಂದು ದೇಗುಲ ಇರಲಿ. ಬೆಂಕಿಗೆ ಮಮ್ಮಿ ಬೇಗ ಸುಡುತ್ತದೆ ಎಂಬ ಸುಳಿವನ್ನು ಗೋಡೆಯ ಚಿತ್ರದಲ್ಲೋ ಊರಿನವರ ಮಾತಿನಲ್ಲೋ ಕೊಟ್ಟರೆ ತಂಡ ದೂರದಿಂದಲೇ ಹೋರಾಡಿ ಮುಷ್ಟಿಯಿಂದ ಪಾರಾಗಬಹುದು.

ಲಕ್ಷಣವನ್ನು ಅಂಕಿಗಿಂತ ಮೊದಲು ಮಾತಿನಲ್ಲಿ ತೋರಿಸಿ. ಕ್ಲೆರಿಕ್ ಕ್ಯೂರ್ ವೂಂಡ್ಸ್ ಹಾಕಿದಾಗ "ನಿಮ್ಮ ಅಂಗೈಯಿಂದ ಬೆಳಕು ಹರಿಯಿತು, ಗಾಯದ ಅಂಚಿನವರೆಗೂ ಬಂತು, ಚರ್ಮ ಮಾತ್ರ ಕೂಡಿಕೊಳ್ಳಲಿಲ್ಲ, ಬೆರಳಿಗೆ ಒಣ ಪುಡಿ ಹತ್ತಿದೆ" ಎಂದರೆ ಆಟಗಾರರು ತಾವಾಗಿಯೇ ಪ್ರಶ್ನೆ ಕೇಳಲು ತೊಡಗುತ್ತಾರೆ. ಆಗ ಮೆಡಿಸಿನ್ ಚೆಕ್ ಗೆದ್ದವನಿಗೆ ಇದು ರೋಗದಂತಿಲ್ಲ ಎಂದೂ, ರಿಲಿಜನ್ ಚೆಕ್ ಗೆದ್ದವನಿಗೆ ಇದು ಗೋರಿಯ ಶಾಪ ಎಂದೂ ಹೇಳಿಬಿಡಿ. ಆಟದ ಒತ್ತಡ ಇರಬೇಕಾದುದು ಊರು ತಲುಪುವುದರಲ್ಲಿ, ನಿಯಮ ಊಹಿಸುವುದರಲ್ಲಿ ಅಲ್ಲ.

ಇನ್ನೊಂದು ಎಚ್ಚರಿಕೆ ಪಾತ್ರಗಳದ್ದಲ್ಲ, ಮನುಷ್ಯರದ್ದು. ಮೈ ಕೊಳೆಯುವ, ಯಾವ ಮದ್ದೂ ನಾಟದ, ದಿನದಿನಕ್ಕೆ ಕರಗುವ ಕಾಯಿಲೆಯ ವರ್ಣನೆ, ಮನೆಯಲ್ಲಿ ಬಹುಕಾಲದ ರೋಗಿಯನ್ನು ನೋಡಿಕೊಳ್ಳುತ್ತಿರುವ ಅಥವಾ ಇತ್ತೀಚೆಗೆ ಯಾರನ್ನೋ ಕಳೆದುಕೊಂಡ ಆಟಗಾರರಿಗೆ ತಾಳಲಾರದ್ದಾಗಬಹುದು. ಆಟ ಆರಂಭವಾಗುವ ಮುನ್ನ ಎಲ್ಲರೂ ಸೇರಿ ಮಾತಾಡುವ ದಿನವೇ ಈ ವಿಷಯ ಕೇಳಿಡಿ, ನಡುವೆ ಯಾರಾದರೂ ಸಾಕು ಎಂದರೆ ಕಾರಣ ಕೇಳದೆ ವರ್ಣನೆ ನಿಲ್ಲಿಸಿ. ಆ ಮೇಜಿನಲ್ಲಿ ಶಾಪ ಬೇರೆ ರೂಪ ತಾಳಲಿ: ಕೊಳೆಯುವ ಬದಲು ನೆರಳು ದಿನಕ್ಕಿಷ್ಟು ತೆಳುವಾಗುತ್ತದೆ ಎನ್ನಿ. ಅಂಕಿಗಳೂ ಗಡುವೂ ಮದ್ದೂ ಇದ್ದಂತೆಯೇ ಇರಬಹುದು.